ದಾವಣಗೆರೆಯಿಂದ ತಿಮಿಂಗಿಲ ನೋಡೋಕೆ: ಕಾರವಾರವೋ, ಶ್ರೀಲಂಕಾವೋ?

ಪಿಜೆ_ಬಡಾವಣೆ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಕಡಲಲ್ಲಿ ತಿಮಿಂಗಿಲ ತೋರಿಸಬೇಕು ಅಂತ ಮನೆಯಲ್ಲಿ ಮಾತು ನಡೆದಿದೆ. ಮಕ್ಕಳಿಗೆ 9 ಮತ್ತು 13 ವರ್ಷ. ಜೊತೆಗೆ ನಾವಿಬ್ಬರು, ನಮ್ಮ ಅಪ್ಪ. ಅಪ್ಪನಿಗೆ 68, ಬಿ.ಪಿ. ಮಾತ್ರೆ ತಗೊಳ್ತಾರೆ. ಎಲ್ಲರೂ ಸಸ್ಯಾಹಾರಿಗಳು.

ಇಲ್ಲಿಯ ಒಬ್ಬ ಟ್ರಾವೆಲ್ಸ್‌ನವರು "ಅಷ್ಟು ದೂರ ಯಾಕ್ರೀ, ಕಾರವಾರದಲ್ಲೇ ಡಾಲ್ಫಿನ್ನೂ ತಿಮಿಂಗಿಲವೂ ಎರಡೂ ಕಾಣುತ್ತೆ" ಅಂತಾರೆ. ಇನ್ನೊಬ್ಬರು ಶ್ರೀಲಂಕಾದ ಮಿರಿಸ್ಸಾ ಅಂತಾರೆ. ಯಾವುದು ನಿಜ? ಯಾವ ತಿಂಗಳು ಹೋಗಬೇಕು, ದೋಣಿಯವರನ್ನ ಏನು ಕೇಳಬೇಕು, ವಾಂತಿಗೆ ಏನು ಮಾಡಬೇಕು? ನಮ್ಮಲ್ಲಿ ಯಾರೂ ದಡ ಕಾಣದಷ್ಟು ದೂರ ಕಡಲೊಳಗೆ ಹೋದವರಲ್ಲ.

ಕಡಲಜೀವಿ:

ಮೊದಲು ಕಾರವಾರದ ಮಾತು ಇತ್ಯರ್ಥ ಮಾಡಿಬಿಡೋಣ ಸರ್. ಕಾರವಾರ, ಗೋಕರ್ಣ, ಮುರುಡೇಶ್ವರದ ಪ್ರವಾಸಿ ದೋಣಿಗಳಲ್ಲಿ ನಿಮಗೆ ಕಾಣುವುದು ಡಾಲ್ಫಿನ್. ತಿಮಿಂಗಿಲ ಕಾಣುತ್ತೆ ಅಂತ ದುಡ್ಡು ಇಸಿದುಕೊಂಡರೆ ಅದು ಸುಳ್ಳು ಭರವಸೆ.

ಅರಬ್ಬೀ ಸಮುದ್ರದಲ್ಲಿ ತಿಮಿಂಗಿಲ ಇಲ್ಲ ಅಂತಲ್ಲ. ನೀಲಿ ತಿಮಿಂಗಿಲ, ಬ್ರೈಡ್ಸ್ ತಿಮಿಂಗಿಲ, ಹಂಪ್‌ಬ್ಯಾಕ್ ಎಲ್ಲವೂ ಇವೆ. 2017ರ ಕೊನೆಯಲ್ಲಿ ಒಮಾನ್ ತೀರದಲ್ಲಿ ಉಪಗ್ರಹ ಟ್ಯಾಗ್ ಹಾಕಿದ್ದ ಲುಬಾನ್ ಹೆಸರಿನ ಹೆಣ್ಣು ಹಂಪ್‌ಬ್ಯಾಕ್ ತಿಮಿಂಗಿಲ ಇಡೀ ಅರಬ್ಬೀ ಸಮುದ್ರ ದಾಟಿ ನಮ್ಮ ಪಶ್ಚಿಮ ತೀರದ ಕಡೆಗೇ ಬಂದಿತ್ತು. ಆದರೆ ನಮ್ಮ ಕರಾವಳಿಯಲ್ಲಿ ಕಡಲತಳ ದಡದಿಂದ ಹತ್ತಾರು ಕಿಲೋಮೀಟರ್ ತನಕ ನಿಧಾನಕ್ಕೆ ಇಳಿಯುತ್ತೆ. ತಿಮಿಂಗಿಲಕ್ಕೆ ಹಿಡಿಸುವ ಆಳದ ನೀರು ಅದರಾಚೆ. ಒಂದೆರಡು ಗಂಟೆಯ ಪ್ರವಾಸಿ ದೋಣಿ ಅಲ್ಲಿಗೆ ಹೋಗುವುದಿಲ್ಲ, ಹೋಗುವುದಕ್ಕೆ ಅದು ತಕ್ಕ ದೋಣಿಯೂ ಅಲ್ಲ. ಶ್ರೀಲಂಕಾದ ದಕ್ಷಿಣ ತುದಿಯಲ್ಲಿ ಕೆಲವೇ ಕಿಲೋಮೀಟರಿಗೆ ತಳ ಧುಮುಕಿ ಆಳವಾಗುತ್ತೆ. ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ವಾಪಸಾಗುವ ದೋಣಿಯಲ್ಲೇ ನೀಲಿ ತಿಮಿಂಗಿಲ ಸಿಗುವುದು ಅದಕ್ಕೇ.

ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ವಿಚಾರದಲ್ಲೂ ಗೊಂದಲ ಇದೆ. ಅಲ್ಲಿ ಡೈವ್ ಮಾಡುವವರಿಗೆ ಅಪರೂಪಕ್ಕೆ ಕಾಣಸಿಗುವ ವೇಲ್ ಶಾರ್ಕ್ ಒಂದು ಮೀನು, ಕಿವಿರಿನಲ್ಲಿ ಉಸಿರಾಡುತ್ತೆ. ತಿಮಿಂಗಿಲ ಸಸ್ತನಿ, ಉಸಿರಿಗೆ ಮೇಲೆ ಬರಲೇಬೇಕು. ದೋಣಿಯಿಂದ ತಿಮಿಂಗಿಲ ನೋಡುವ ಇಡೀ ಕೆಲಸ ನಿಂತಿರುವುದೇ ಆ ಉಸಿರಿನ ಮೇಲೆ.

ಹಾಗಂತ ಕಾರವಾರ ಬಿಡಿ ಅನ್ನುತ್ತಿಲ್ಲ. ಕಡಲು ಹೊಸದಾದ ಮಕ್ಕಳಿಗೆ, ಹಿರಿಯರಿಗೆ ಮೊದಲು ಒಂದೂವರೆ ಗಂಟೆಯ ಡಾಲ್ಫಿನ್ ದೋಣಿಯೇ ಸರಿ. ಯಾರಿಗೆ ಕಡಲು ಒಗ್ಗುತ್ತೆ, ಯಾರಿಗೆ ಒಗ್ಗಲ್ಲ ಅನ್ನೋದು ಅಲ್ಲೇ ಗೊತ್ತಾಗಿಬಿಡುತ್ತೆ. ಐದು ಗಂಟೆಯ ಪ್ರಯಾಣದ ನಡುವೆ ಗೊತ್ತಾದರೆ ದೋಣಿ ನಿಮಗೊಬ್ಬರಿಗೋಸ್ಕರ ವಾಪಸ್ ತಿರುಗಲ್ಲ.

ಕಾಳಿ_ಅಳಿವೆ (ಕಾರವಾರ):

ಮೇಲಿನವರು ಹೇಳಿದ್ದು ಸರಿ. ಇಲ್ಲಿ ಕಾಣುವುದು ಹಂಪ್‌ಬ್ಯಾಕ್ ಡಾಲ್ಫಿನ್. ಬೂದು ಮೈ, ಬೆನ್ನ ಮೇಲೆ ದಿಣ್ಣೆ, ಅದರ ಮೇಲೆ ಸಣ್ಣ ರೆಕ್ಕೆ, ಎರಡು ಎರಡೂವರೆ ಮೀಟರ್ ಉದ್ದ. ದಡಕ್ಕೆ ಹತ್ತಿರದ ಆಳವಿಲ್ಲದ ನೀರೇ ಅದರ ಮನೆ. ಜಾಗತಿಕ ಪಟ್ಟಿಯಲ್ಲಿ ಅಳಿವಿನಂಚಿನ ಜೀವಿ ಅಂತ ದಾಖಲಾಗಿದೆ. ಟಿ.ವಿ.ಯಲ್ಲಿ ಗಿರಕಿ ಹೊಡೆದು ಹಾರುವ ಡಾಲ್ಫಿನ್ ಬೇರೆ ಜಾತಿ, ಅದು ಹೊರಗಡಲಿನದು. ಇಲ್ಲಿಯದು ಹೆಚ್ಚು ಹಾರಲ್ಲ, ಬೆನ್ನು ತೋರಿಸಿ ಮುಳುಗುತ್ತೆ, ಮೂರ್ನಾಲ್ಕು ಸಲ ಮೇಲೆ ಬಂದು ಆಮೇಲೆ ಸ್ವಲ್ಪ ಹೊತ್ತು ಕಾಣಲ್ಲ. ಮಕ್ಕಳಿಗೆ ಇದನ್ನ ಮೊದಲೇ ಹೇಳಿ ಕರ್ಕೊಂಡು ಬನ್ನಿ. ಬೆನ್ನ ಮೇಲೆ ರೆಕ್ಕೆಯೇ ಇಲ್ಲದ ಸಣ್ಣ ಪ್ರಾಣಿಯೊಂದು ಗುಂಡು ತಲೆ ತೋರಿಸಿ ಮಾಯವಾದರೆ ಅದು ಫಿನ್‌ಲೆಸ್ ಪೋರ್ಪಾಯ್ಸ್, ಡಾಲ್ಫಿನ್‌ನ ಸಂಬಂಧಿ. ಬಹಳ ನಾಚಿಕೆಯದು, ಕಂಡವರು ಕಡಿಮೆ.

ದಾರಿ: ದಾವಣಗೆರೆ, ಹಾವೇರಿ, ಶಿರಸಿ, ಕುಮಟಾ, ಅಂಕೋಲಾ ಮೇಲೆ ಹೆಚ್ಚುಕಡಿಮೆ 280 ಕಿ.ಮೀ. ಆಗುತ್ತೆ. ಆರು ಗಂಟೆ ಇಟ್ಟುಕೊಳ್ಳಿ. ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸವೋ ಮಣ್ಣು ಕುಸಿತವೋ ಇದೆ ಅಂತ ಸುದ್ದಿ ಇದ್ದರೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟದ ದಾರಿ ಹಿಡಿಯಿರಿ. ಸ್ವಲ್ಪ ದೂರ ಜಾಸ್ತಿ. ಸ್ವಂತ ಗಾಡಿ ಇಲ್ಲದಿದ್ದರೆ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಅಲ್ಲಿಂದ ಕಾರವಾರದ ಬಸ್ಸು ಹತ್ತುವುದು ಸುಲಭ. ಯಾವುದೇ ದಾರಿಯಾದರೂ ಹಿಂದಿನ ಸಂಜೆಯೇ ಬಂದು ಉಳಿಯಿರಿ. ಬೆಳಿಗ್ಗೆ ಹೊರಟು ಮಧ್ಯಾಹ್ನ ದೋಣಿ ಹತ್ತುವ ಲೆಕ್ಕ ಹಾಕಬೇಡಿ. ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತೆ, ನೀರು ಸಪಾಟಾಗಿರುತ್ತೆ. ಹನ್ನೊಂದು ಗಂಟೆ ದಾಟಿದ ಮೇಲೆ ಪಡುವಣ ಗಾಳಿ ಏಳುತ್ತೆ, ಸಣ್ಣ ಅಲೆಗಳ ಬಿಳಿ ನೊರೆಯ ನಡುವೆ ಡಾಲ್ಫಿನ್ ಬೆನ್ನು ಗುರುತಿಸುವುದು ಕಷ್ಟ. ಜೊತೆಗೆ ದೋಣಿಯೂ ಕುಲುಕುತ್ತೆ. ಏಳು ಗಂಟೆಯ ದೋಣಿ ಸಿಕ್ಕರೆ ಅದನ್ನೇ ಹಿಡಿಯಿರಿ.

ತಿಂಗಳು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್, ಏಪ್ರಿಲ್ ಕೂಡ ನಡೆಯುತ್ತೆ, ಸೆಖೆ ಜಾಸ್ತಿ. ಮಳೆಗಾಲದಲ್ಲಿ ಪ್ರವಾಸಿ ದೋಣಿ ಇಲ್ಲ. ಯಾಂತ್ರಿಕ ಮೀನುಗಾರಿಕೆಗೂ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ನಿಷೇಧ ಇರುತ್ತೆ. ಆ ಹೊತ್ತಿನಲ್ಲಿ ಯಾರಾದರೂ "ಬನ್ನಿ, ಕಳ್ಳದಾರಿಯಲ್ಲಿ ಕರ್ಕೊಂಡು ಹೋಗ್ತೀನಿ" ಅಂದರೆ ಕಾಲು ಇಡಬೇಡಿ.

ಕಾಳಿ ನದಿಯ ಅಳಿವೆ, ಕೂರ್ಮಗಡ ದ್ವೀಪದ ಸುತ್ತ, ದೀಪಸ್ತಂಭ ಇರುವ ದೇವಗಡ ದ್ವೀಪದ ಕಡೆ ದೋಣಿಗಳು ಹೋಗುತ್ತವೆ. ಮೀನು ಸೇರುವ ಕಡೆ ಡಾಲ್ಫಿನ್ ಬರುತ್ತೆ, ಹಾಗಾಗಿ ಅಳಿವೆ ಒಳ್ಳೆಯ ಜಾಗ. ಆದರೆ ಅಳಿವೆಯಲ್ಲಿ ಮರಳದಿಬ್ಬ ಇರುತ್ತೆ. ಪೂರ್ತಿ ಇಳಿತದ ಹೊತ್ತಿನಲ್ಲಿ ಅದರ ಮೇಲೆ ಅಲೆ ಒಡೆಯುತ್ತೆ, ದೋಣಿ ತಳ ತಾಗುವುದೂ ಉಂಟು. ಉಬ್ಬರ ಇಳಿತದ ವೇಳೆ ನೋಡಿಯೇ ಹೊರಡಿಸುವ ದೋಣಿಯವನು ಕೆಲಸ ಬಲ್ಲವನು. "ಎಷ್ಟು ಹೊತ್ತಿಗೆ ಉಬ್ಬರ?" ಅಂತ ಕೇಳಿ, ತಟ್ಟನೆ ಉತ್ತರ ಬಂದರೆ ನಂಬಬಹುದು.

ದುಡ್ಡು ಮಾತಾಡುವಾಗ ತಲೆಗೋ ಇಡೀ ದೋಣಿಗೋ ಅಂತ ಮೊದಲೇ ಸ್ಪಷ್ಟ ಮಾಡಿಕೊಳ್ಳಿ, ಎಷ್ಟು ನಿಮಿಷ ಅನ್ನೋದನ್ನೂ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಇದೆ. ಆ ಕಡೆ ಫೋಟೋ, ವಿಡಿಯೋ ಬೇಡವೇ ಬೇಡ. ಡ್ರೋನ್ ಅಂತೂ ಮನೆಯಲ್ಲೇ ಬಿಟ್ಟು ಬನ್ನಿ.

ಕೊನೆಯದಾಗಿ ಲೈಫ್ ಜಾಕೆಟ್. ದೊಡ್ಡವರ ಜಾಕೆಟ್ಟನ್ನ ಒಂಬತ್ತು ವರ್ಷದ ಮಗುವಿಗೆ ಹಾಕಿ ದಾರ ಬಿಗಿದರೆ ಪ್ರಯೋಜನ ಇಲ್ಲ, ನೀರಿಗೆ ಬಿದ್ದಾಗ ಜಾಕೆಟ್ ಮೇಲೇಳುತ್ತೆ, ಮಗು ಕೆಳಗೆ ಜಾರುತ್ತೆ. ಹಾಕಿದ ಮೇಲೆ ಭುಜದ ಪಟ್ಟಿ ಎರಡೂ ಹಿಡಿದು ಮೇಲಕ್ಕೆ ಎಳೆಯಿರಿ. ಗದ್ದ ದಾಟಿ ಕಿವಿಯ ಮಟ್ಟಕ್ಕೆ ಬಂದರೆ ಅದು ಅಳತೆಗೆ ದೊಡ್ಡದು. ಒಳಗೆ ತೂಕ ಬರೆದಿರುತ್ತೆ, ಓದಿ. ಮಕ್ಕಳ ಜಾಕೆಟ್ ಇಲ್ಲ ಅಂದರೆ ಬೇರೆ ದೋಣಿ ನೋಡಿ.

ಪಿಜೆ_ಬಡಾವಣೆ (ದಾವಣಗೆರೆ):

ಇಬ್ಬರಿಗೂ ತುಂಬಾ ಧನ್ಯವಾದ. ಹಾಗಾದರೆ ಡಿಸೆಂಬರ್‌ನಲ್ಲಿ ಕಾರವಾರ, ಎಲ್ಲರಿಗೂ ಒಗ್ಗಿದರೆ ಆಮೇಲೆ ಶ್ರೀಲಂಕಾ ಅಂತ ಇಟ್ಟುಕೊಳ್ತೀವಿ. ಮಕ್ಕಳ ಪರೀಕ್ಷೆ ಮುಗಿಯೋದು ಮಾರ್ಚ್ ಕೊನೆಗೆ. ಏಪ್ರಿಲ್ ಮೊದಲ ವಾರ ಮಿರಿಸ್ಸಾ ಆಗುತ್ತಾ? ಮೇ ಆದರೆ?

ಕಡಲಜೀವಿ:

ಏಪ್ರಿಲ್ ಮೊದಲ ವಾರ ಆಗುತ್ತೆ, ಒಳ್ಳೆಯ ಸಮಯವೇ. ಮಿರಿಸ್ಸಾದ ಕಾಲ ನವೆಂಬರ್‌ನಿಂದ ಏಪ್ರಿಲ್ ತನಕ. ಮೇ ತಿಂಗಳಲ್ಲಿ ನೈಋತ್ಯ ಮುಂಗಾರು ಆ ತೀರಕ್ಕೆ ನೇರವಾಗಿ ಹೊಡೆಯುತ್ತೆ, ಕಡಲು ಒರಟು. ಮೇ ನಂತರವೇ ಹೋಗಬೇಕಾದರೆ ಪೂರ್ವ ತೀರದ ಟ್ರಿಂಕೋಮಲಿ. ಅಲ್ಲಿ ಮುಂಗಾರಿನ ಹೊತ್ತಿಗೆ ಕಡಲು ಶಾಂತವಾಗಿರುತ್ತೆ, ಕೋಣೇಶ್ವರ ದೇವಸ್ಥಾನದ ಬಂಡೆಯ ಮೇಲಿಂದಲೇ ಕೆಲವೊಮ್ಮೆ ತಿಮಿಂಗಿಲದ ಉಸಿರು ಕಾಣುತ್ತೆ. ಅಪ್ಪನವರಿಗೆ ದೋಣಿ ಬೇಡ ಅನ್ನಿಸಿದರೆ ಅದೊಂದು ದಾರಿ. ವಾಯವ್ಯದ ಕಲ್ಪಿಟಿಯಾದಲ್ಲಿ ಸ್ಪಿನ್ನರ್ ಡಾಲ್ಫಿನ್‌ಗಳ ದೊಡ್ಡ ಹಿಂಡು, ಮಾರ್ಚ್ ಏಪ್ರಿಲ್‌ನಲ್ಲಿ ಸ್ಪರ್ಮ್ ವೇಲ್ ಅನ್ನೋ ತಿಮಿಂಗಿಲ. ಆದರೆ ಅಲ್ಲಿ ಬಹಳಷ್ಟು ಸಣ್ಣ ದೋಣಿಗಳು, ಶೌಚಾಲಯ ಇರಲ್ಲ. ನಿಮ್ಮ ಕುಟುಂಬಕ್ಕೆ ಮಿರಿಸ್ಸಾವೇ ಸರಿ.

ಪಾಸ್‌ಪೋರ್ಟ್ ಇಲ್ಲದಿದ್ದರೆ ಈಗಲೇ ಶುರು ಮಾಡಿ. ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ದಾವಣಗೆರೆಯಲ್ಲೇ ಇದೆ. ಇದ್ದರೂ ಪ್ರಯಾಣದ ದಿನದಿಂದ ಆರು ತಿಂಗಳು ಅವಧಿ ಉಳಿದಿರಬೇಕು. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೇ ಮುಗಿಯುತ್ತೆ, ಅದನ್ನ ಮರೆಯುವವರು ಬಹಳ. ಪ್ರವೇಶ ಅನುಮತಿಯ ನಿಯಮ ಆಗಾಗ ಬದಲಾಗುತ್ತೆ, ಶ್ರೀಲಂಕಾ ಸರ್ಕಾರದ ಇ.ಟಿ.ಎ. ತಾಣದಲ್ಲೇ ನೋಡಿ, ಏಜೆಂಟರ ಮಾತಿನ ಮೇಲೆ ಬೇಡ. ಬೆಂಗಳೂರಿಂದ ಕೊಲಂಬೋಗೆ ಒಂದೂವರೆ ಗಂಟೆಯ ವಿಮಾನ. ಕಾರಿನಲ್ಲಿ ಹೋಗುವುದಾದರೆ ಬೆಂಗಳೂರು ಊರೊಳಗೆ ನುಗ್ಗಬೇಡಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿ.

ಕೊಲಂಬೋ ವಿಮಾನ ನಿಲ್ದಾಣ ಇರುವುದು ಊರಿನ ಉತ್ತರಕ್ಕೆ ಕಟುನಾಯಕೆಯಲ್ಲಿ. ಅಲ್ಲಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ವೆಲಿಗಮ ಕಡೆ ಇಳಿದರೆ ಮಿರಿಸ್ಸಾ, ಸುಮಾರು ಮೂರು ಗಂಟೆ. ಇಳಿದ ಮರುದಿನವೇ ಬೆಳಿಗ್ಗೆ ದೋಣಿ ಬೇಡ. ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಎರಡನೇ ಬೆಳಿಗ್ಗೆ ದೋಣಿ, ಮೂರನೇ ಬೆಳಿಗ್ಗೆ ಖಾಲಿ ಇಟ್ಟುಕೊಳ್ಳಿ. ಗಾಳಿ ಎದ್ದರೆ ದೋಣಿ ರದ್ದಾಗುತ್ತೆ. ತಿಮಿಂಗಿಲ ಕಾಣದಿದ್ದರೆ ಮರುದಿನ ಪುಕ್ಕಟೆ ಕರ್ಕೊಂಡು ಹೋಗುವವರೂ ಇದ್ದಾರೆ. ಆ ಮಾತನ್ನ ಬರಹದಲ್ಲಿ ತಗೊಳ್ಳಿ, ಮತ್ತು ಅದನ್ನ ಬಳಸೋಕೆ ನಿಮ್ಮ ಹತ್ತಿರ ಒಂದು ದಿನ ಇರಬೇಕಲ್ಲ.

ದೋಣಿಗಳು ಬೆಳಿಗ್ಗೆ ಆರೂವರೆ ಹೊತ್ತಿಗೆ ಬಂದರಿನಿಂದ ಹೊರಡುತ್ತವೆ, ಮೂರರಿಂದ ಐದು ಗಂಟೆ ಆಗುತ್ತೆ, ತಿಮಿಂಗಿಲ ದೂರ ಇದ್ದರೆ ಇನ್ನೂ ಜಾಸ್ತಿ. ಮೊದಲ ಒಂದು ಗಂಟೆ ಬರೀ ನೀರು. ಆಳ ಶುರುವಾದ ಮೇಲೆ ಸಿಬ್ಬಂದಿ ದಿಗಂತ ನೋಡುತ್ತಾ ನಿಲ್ಲುತ್ತಾರೆ. ನೀವೂ ನೋಡಿ. ನೀಲಿ ತಿಮಿಂಗಿಲದ ಉಸಿರು ನೆಟ್ಟಗೆ ಕಂಬದ ಹಾಗೆ ಏಳೆಂಟು ಮೀಟರ್ ಏರುತ್ತೆ. ಸ್ಪರ್ಮ್ ವೇಲ್‌ನದು ಕುಳ್ಳಗೆ ಪೊದೆಯ ಹಾಗೆ, ಮುಂದಕ್ಕೆ ಎಡಕ್ಕೆ ವಾಲಿರುತ್ತೆ, ಯಾಕಂದರೆ ಅದರ ಉಸಿರಿನ ರಂಧ್ರ ತಲೆಯ ಎಡ ಮುಂತುದಿಯಲ್ಲಿದೆ. ಬ್ರೈಡ್ಸ್ ತಿಮಿಂಗಿಲದ ತಲೆಯ ಮೇಲೆ ಉದ್ದಕ್ಕೆ ಮೂರು ಏಣು, ಮುಳುಗುವಾಗ ಬಾಲ ತೋರಿಸುವುದಿಲ್ಲ. ಗೈಡ್ "ಎರಡು ಗಂಟೆ" ಅಂದರೆ ಗಡಿಯಾರ ನೋಡಬೇಡಿ. ದೋಣಿಯ ಮೂತಿಯನ್ನ ಹನ್ನೆರಡು ಅಂತ ಹಿಡಿದು ದಿಕ್ಕು ಹೇಳುತ್ತಿರುತ್ತಾರೆ. ಮೂರು ಅಂದರೆ ನೇರ ಬಲಕ್ಕೆ. ಮಕ್ಕಳಿಗೆ ಹೇಳಿಕೊಟ್ಟರೆ ನಿಮಗಿಂತ ಮೊದಲು ಅವರೇ ಹಿಡಿಯುತ್ತಾರೆ.

ಅಲ್ಲಿಯ ನೀಲಿ ತಿಮಿಂಗಿಲಗಳು ಅಂಟಾರ್ಕ್ಟಿಕಾದವಕ್ಕಿಂತ ಚಿಕ್ಕವು, ಸುಮಾರು 20ರಿಂದ 24 ಮೀಟರ್. ಬೇರೆ ಕಡೆಯ ನೀಲಿ ತಿಮಿಂಗಿಲ ಮೇಯಲು ಧ್ರುವದ ತಣ್ಣೀರಿಗೆ ವಲಸೆ ಹೋಗುತ್ತೆ, ಇವು ಹಿಂದೂ ಮಹಾಸಾಗರದ ಬೆಚ್ಚನೆಯ ನೀರಲ್ಲೇ ಇದ್ದು ಸಣ್ಣ ಸೀಗಡಿಗಳನ್ನ ತಿನ್ನುತ್ತವೆ. ಶ್ರೀಲಂಕಾದ ಕಡಲ ವಿಜ್ಞಾನಿ ಆಶಾ ಡಿ ವೋಸ್ ಇವುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹದಿಮೂರರ ಮಗುವಿಗೆ ಅವರ ಭಾಷಣಗಳನ್ನ ಹೋಗೋ ಮೊದಲು ತೋರಿಸಿ.

ಈಗ ನನಗೆ ಅತಿ ಮುಖ್ಯ ಅನ್ನಿಸುವ ವಿಷಯ. ಮಿರಿಸ್ಸಾದಲ್ಲಿ ಒಂದು ಉಸಿರು ಕಂಡ ಕೂಡಲೇ ಹತ್ತಾರು ದೋಣಿ ಒಟ್ಟಿಗೆ ಅದರ ಕಡೆ ನುಗ್ಗುವ ದಿನಗಳಿವೆ. ನೀಲಿ ತಿಮಿಂಗಿಲ ಮೇಲೆ ಬಂದು ಹತ್ತು ಇಪ್ಪತ್ತು ಸೆಕೆಂಡಿಗೊಮ್ಮೆ ಹಲವು ಸಲ ಉಸಿರಾಡಿ, ಆಮೇಲೆ ಎಂಟು ಹದಿನೈದು ನಿಮಿಷ ಆಳಕ್ಕೆ ಹೋಗುತ್ತೆ. ದೋಣಿ ಅಟ್ಟಿಸಿಕೊಂಡು ಬಂದರೆ ಉಸಿರು ಪೂರ್ತಿ ತುಂಬಿಕೊಳ್ಳುವ ಮೊದಲೇ ಮುಳುಗಿಬಿಡುತ್ತೆ. ಮೇಯುವ ಹೊತ್ತು ಅದಕ್ಕೆ ನಷ್ಟ, ನಿಮಗೆ ಕಂಡಿದ್ದು ಒಂದು ಬೆನ್ನು ಅಷ್ಟೇ. ಅದೇ ಜಾಗದ ದಕ್ಷಿಣಕ್ಕೆ ದೊಡ್ಡ ಹಡಗುಗಳ ಹೆದ್ದಾರಿ ಬೇರೆ ಇದೆ, ಹಡಗು ಬಡಿದು ತಿಮಿಂಗಿಲ ಸತ್ತ ಪ್ರಕರಣಗಳಿವೆ. ದೋಣಿಗೆ ಹೆದರಿ ದಿಕ್ಕು ತಪ್ಪಿದ ಪ್ರಾಣಿಗೆ ಆ ಅಪಾಯ ಇನ್ನೂ ಹತ್ತಿರ. 2022ರಲ್ಲಿ ಎಂ.ಎಸ್.ಸಿ. ಹಡಗು ಕಂಪನಿ ತನ್ನ ಹಡಗುಗಳನ್ನ ತಾನಾಗಿಯೇ ಇನ್ನೂ ದಕ್ಷಿಣಕ್ಕೆ ಸರಿಸಿದ್ದು ಇದೇ ಕಾರಣಕ್ಕೆ.

ಶ್ರೀಲಂಕಾದ ನಿಯಮ 100 ಮೀಟರ್ ದೂರ ಅಂತ ಇದೆ. ಆದ್ದರಿಂದ ದೋಣಿಯವರನ್ನ "ಎಷ್ಟು ಹತ್ತಿರ ಹೋಗ್ತೀರಿ?" ಅಂತ ಕೇಳಿ. "ಪಕ್ಕಕ್ಕೇ ಹೋಗ್ತೀವಿ" ಅಂದವರನ್ನ ಬಿಡಿ. ಪಕ್ಕದಲ್ಲಿ, ಸಮಾನಾಂತರವಾಗಿ, ನಿಧಾನಕ್ಕೆ ಹೋಗಿ 100 ಮೀಟರ್ ದೂರದಲ್ಲಿ ಎಂಜಿನ್ ನ್ಯೂಟ್ರಲ್‌ನಲ್ಲಿಟ್ಟು ಕಾಯುವವರು ಬೇಕು. ಎದುರಿಂದ ಅಡ್ಡ ಹಾಕುವುದು, ಹಿಂದಿನಿಂದ ಅಟ್ಟುವುದು ಎರಡೂ ತಪ್ಪು. ಕಾಯುವ ದೋಣಿಯ ಪಕ್ಕದಲ್ಲಿ ತಿಮಿಂಗಿಲ ನಿಶ್ಚಿಂತೆಯಿಂದ ಉಸಿರಾಡುತ್ತೆ, ನಿಮಗೆ ನೋಡಲು ಹೆಚ್ಚು ಹೊತ್ತು ಸಿಗುತ್ತೆ. ಕಾರವಾರದ ಡಾಲ್ಫಿನ್‌ಗೂ ಇದೇ ಮಾತು, ಮರಿ ಜೊತೆಗಿದ್ದರೆ ಇನ್ನೂ ದೂರ. ನಮ್ಮ ದೇಶದಲ್ಲಿ ಡಾಲ್ಫಿನ್ನೂ ತಿಮಿಂಗಿಲವೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನೀವು "ನಿಧಾನ ಹೋಗಿ, ನಮಗೆ ಅವಸರ ಇಲ್ಲ" ಅಂತ ಹೊರಡುವ ಮೊದಲೇ ಹೇಳಿದರೆ ದೋಣಿಯವರಿಗೂ ನಿರಾಳ. ಎಷ್ಟೋ ಸಲ ಅವರು ಓಡಿಸುವುದು ಪ್ರಯಾಣಿಕರ ಒತ್ತಾಯಕ್ಕೆ.

ಬೆಲೆ ಕೇಳುವಾಗ ಸರ್ಕಾರಿ ಟಿಕೆಟ್, ಉಪಾಹಾರ, ಹೋಟೆಲಿನಿಂದ ಬಂದರಿಗೆ ವಾಹನ ಸೇರಿದೆಯಾ ನೋಡಿ. ಉಪಾಹಾರದಲ್ಲಿ ಮೊಟ್ಟೆ ಇರುವುದು ಸಾಮಾನ್ಯ, ಸಸ್ಯಾಹಾರ ಅಂತ ಹಿಂದಿನ ದಿನವೇ ತಿಳಿಸಿ. ಶೌಚಾಲಯ ಇರುವ ಎರಡಂತಸ್ತಿನ ದೋಣಿ ಆರಿಸಿ.

ಔಷಧ_ಮಾಹಿತಿ:

ವಾಂತಿಯ ಪ್ರಶ್ನೆಗೆ. ಒಳಕಿವಿ "ಅಲುಗಾಡ್ತಿದ್ದೀವಿ" ಅನ್ನುತ್ತೆ, ಕಣ್ಣು ದೋಣಿಯ ಒಳಗೆ ನೋಡುತ್ತಾ "ಇಲ್ಲ, ಕೂತಿದ್ದೀವಿ" ಅನ್ನುತ್ತೆ. ಈ ಎರಡರ ಜಗಳದಿಂದ ಹೊಟ್ಟೆ ತೊಳಸುತ್ತೆ. ಆದ್ದರಿಂದ ದಿಗಂತ ನೋಡುತ್ತಿರಬೇಕು. ಮೊಬೈಲ್ ನೋಡುವುದು, ಬ್ಯಾಗಿನೊಳಗೆ ಹುಡುಕುವುದು, ಬೈನಾಕ್ಯುಲರ್ ಬಹಳ ಹೊತ್ತು ಹಿಡಿಯುವುದು ಮೂರೂ ವಾಂತಿಯನ್ನ ಕರೆಯುತ್ತವೆ. ಕೆಳ ಅಂತಸ್ತಿನ ನಡುಭಾಗದಲ್ಲಿ ಓಲಾಟ ಕಡಿಮೆ. ಮೇಲಂತಸ್ತಿನಿಂದ ಚೆನ್ನಾಗಿ ಕಾಣುತ್ತೆ, ಆದರೆ ತೂಗಾಟ ಜಾಸ್ತಿ. ತೀರಾ ಹಿಂದೆ ಡೀಸೆಲ್ ಹೊಗೆ.

ಮಾತ್ರೆಯಲ್ಲಿ ಎಲ್ಲರೂ ಮಾಡುವ ತಪ್ಪು ಹೊಟ್ಟೆ ತೊಳಸಿದ ಮೇಲೆ ತಗೊಳ್ಳುವುದು. ಆಗ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಅವೊಮಿನ್ ಅಂತ ಸಿಗುವ ಪ್ರೊಮೆಥಜೈನ್ 25 ಮಿ.ಗ್ರಾಂ. ಮಾತ್ರೆಯನ್ನ ದೊಡ್ಡವರು ಹಿಂದಿನ ರಾತ್ರಿ ಮಲಗುವಾಗ, ಇಲ್ಲವೇ ಹೊರಡುವ ಒಂದೆರಡು ಗಂಟೆ ಮೊದಲು ತಗೊಳ್ಳುವುದು ರೂಢಿ. ನಿದ್ದೆ ಬರಿಸುತ್ತೆ, ಅದಕ್ಕೇ ರಾತ್ರಿಯದೇ ಅನುಕೂಲ. ಮಕ್ಕಳ ಪ್ರಮಾಣ ಬೇರೆ, ವೈದ್ಯರಿಂದ ಬರೆಸಿಕೊಳ್ಳಿ. ಅಪ್ಪನವರ ವಿಷಯದಲ್ಲಿ ಖಂಡಿತ ಅವರ ವೈದ್ಯರನ್ನ ಕೇಳಿಯೇ ಕೊಡಿ: ಈ ಗುಂಪಿನ ಔಷಧಿಗಳು ಪ್ರೊಸ್ಟೇಟ್ ತೊಂದರೆ ಇದ್ದವರಿಗೆ ಮೂತ್ರ ಕಟ್ಟಿಸಬಹುದು, ಗ್ಲಾಕೋಮಾ ಇದ್ದವರಿಗೆ ಆಗಿಬರಲ್ಲ, ಬಿ.ಪಿ. ಮಾತ್ರೆಯ ಜೊತೆ ಸೇರಿ ಎದ್ದು ನಿಂತಾಗ ತಲೆಸುತ್ತು ತರಬಹುದು. ಅಲುಗಾಡುವ ದೋಣಿಯಲ್ಲಿ ತಲೆಸುತ್ತಿದರೆ ಬೀಳುವ ಅಪಾಯ. ಮಾತ್ರೆಯನ್ನ ಒಂದು ಸಲ ಮನೆಯಲ್ಲೇ ರಾತ್ರಿ ತಗೊಂಡು ಹೇಗಾಗುತ್ತೆ ನೋಡಿಕೊಳ್ಳುವುದು ಒಳ್ಳೆಯದು.

ಊಟದ ಬಗ್ಗೆ: ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯುವಷ್ಟೂ ಬೇಡ. ಹೊರಡುವ ಬೆಳಿಗ್ಗೆ ಬೆಣ್ಣೆ, ಎಣ್ಣೆ, ಹಾಲು ಬೇಡ. ನಮ್ಮೂರಿನಿಂದ ಮಂಡಕ್ಕಿ ಕಟ್ಟಿಕೊಂಡು ಹೋಗಿ, ಒಗ್ಗರಣೆ ಖಾರ ಹಾಕದ ಬರೀ ಮಂಡಕ್ಕಿ. ಒಣಗಿದ್ದು, ಹಗುರ, ವಾಸನೆ ಇಲ್ಲ, ಮಕ್ಕಳೂ ತಿನ್ನುತ್ತಾರೆ. ಶುಂಠಿ ಚೂರು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಹಿತ. ನೀರನ್ನ ಗುಟುಕು ಗುಟುಕಾಗಿ ಕುಡಿಯಿರಿ. ವಾಂತಿ ಬಂದೇ ಬಿಟ್ಟರೆ ಗಾಳಿ ಬರುವ ಕಡೆಗೆ ಮುಖ ಮಾಡಬೇಡಿ, ಕಟಕಟೆಗೆ ಬಗ್ಗುವ ಮಕ್ಕಳನ್ನ ಒಬ್ಬರು ಹಿಡಿದಿರಬೇಕು. ಚೀಲ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಚಂದ್ರವಳ್ಳಿ (ಚಿತ್ರದುರ್ಗ):

ಇದೇ ವಿಷಯಕ್ಕೆ ನನ್ನದೊಂದು ಪ್ರಶ್ನೆ. ಜೋಗಿಮಟ್ಟಿ ಕಾಡಿನಲ್ಲಿ ಹಕ್ಕಿ ಫೋಟೋ ತೆಗೆಯುವ 70–300 ಲೆನ್ಸ್ ಇದೆ, 10x50 ಬೈನಾಕ್ಯುಲರ್ ಇದೆ. ತಿಮಿಂಗಿಲಕ್ಕೆ ಸಾಕಾ? ಮತ್ತು ಆ ದಿನ ಕಡಲು ಹೇಗಿರುತ್ತೆ ಅಂತ ಮೊದಲೇ ತಿಳಿಯೋದು ಹೇಗೆ?

ಕಡಲಜೀವಿ:

ಲೆನ್ಸ್ ಸಾಕು. 100 ಮೀಟರ್ ದೂರದ 20 ಮೀಟರ್ ಪ್ರಾಣಿಗೆ 300 ಕೆಲವೊಮ್ಮೆ ಜಾಸ್ತಿಯೇ ಆಗುತ್ತೆ. ಶಟರ್ 1/1000ಕ್ಕಿಂತ ಕೆಳಗೆ ಇಳಿಸಬೇಡಿ, ನೀವು, ದೋಣಿ, ತಿಮಿಂಗಿಲ ಮೂರೂ ಅಲುಗಾಡುತ್ತಿರುತ್ತೀರಿ. ಐ.ಎಸ್.ಓ. ಆಟೋ, ಫೋಕಸ್ ನಿರಂತರ, ಬರ್ಸ್ಟ್. ಟ್ರೈಪಾಡ್ ಬೇಡ, ಎಂಜಿನ್ನಿನ ನಡುಕ ನೇರ ಕ್ಯಾಮೆರಾಕ್ಕೆ ಹತ್ತುತ್ತೆ. ಕಟಕಟೆಯ ಮೇಲೆ ಮೊಣಕೈ ಊರಿದರೂ ಅದೇ ಕಥೆ, ಮೈಗೆ ಆನಿಸಿಕೊಂಡು ಮೊಣಕಾಲು ಸ್ವಲ್ಪ ಬಗ್ಗಿಸಿ ನಿಲ್ಲಿ. ಬಾಲದ ಚಿತ್ರ ಬೇಕಾದರೆ ಬೆನ್ನು ನೋಡುತ್ತಿರಿ. ಉಸಿರಾಡುವಾಗ ಬೆನ್ನು ಚಪ್ಪಟೆಯಾಗಿ ಜಾರುತ್ತೆ, ಆಳಕ್ಕೆ ಹೋಗುವಾಗ ಮಾತ್ರ ಎತ್ತರಕ್ಕೆ ಬಾಗುತ್ತೆ. ಬಾಗಿದ್ದು ಕಂಡ ಕೂಡಲೇ ಬಟನ್ ಒತ್ತಿ, ಎರಡು ಮೂರು ಸೆಕೆಂಡಿನಲ್ಲಿ ಬಾಲ ಬರುತ್ತೆ. ಎಲ್ಲ ನೀಲಿ ತಿಮಿಂಗಿಲಗಳೂ ಬಾಲ ಎತ್ತುವುದಿಲ್ಲ. ಕಡಲ ಮೇಲೆ ಲೆನ್ಸ್ ಬಿಚ್ಚಬೇಡಿ. ರೂಮಿಗೆ ಬಂದ ಮೇಲೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ, ಆಮೇಲೆ ಒಣ ಬಟ್ಟೆ. ಒಣ ಬಟ್ಟೆ ಮೊದಲು ತಿಕ್ಕಿದರೆ ಉಪ್ಪಿನ ಹರಳು ಗಾಜು ಗೀರುತ್ತೆ.

10x ಬೈನಾಕ್ಯುಲರ್ ದೋಣಿಯಲ್ಲಿ ಕುಣಿಯುತ್ತೆ. ಕಡಲಲ್ಲಿ 7x50 ಬಳಸುವುದು ಅದಕ್ಕೇ. ಸಿಗದಿದ್ದರೆ 8x42.

ಗಾಳಿಗೆ ವಿಂಡಿ ಆ್ಯಪ್ ನೋಡಿ. 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ಒಳಗೆ ಇದ್ದರೆ ಚೆನ್ನ. ಅದನ್ನ ದಾಟಿದರೆ ಎಲ್ಲೆಲ್ಲೂ ಬಿಳಿ ನೊರೆ, ದೂರದ ಉಸಿರು ಅದರಲ್ಲಿ ಕಳೆದುಹೋಗುತ್ತೆ. 15 ದಾಟಿದ್ದರೆ ಮಕ್ಕಳು, ಹಿರಿಯರನ್ನ ಕರ್ಕೊಂಡು ಹೊರಡಬೇಡಿ, ದೋಣಿಯವರು ಹೊರಟರೂ ಕೂಡ. ನಮ್ಮ ಕರಾವಳಿಗಾದರೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರ, ದೂರದಿಂದ ಬರುವ ಉಬ್ಬಲೆ ಎರಡನ್ನೂ ಮುನ್ಸೂಚನೆ ಕೊಡುತ್ತೆ. ಉಬ್ಬಲೆಯ ಎಚ್ಚರಿಕೆ ಇದ್ದ ದಿನ ಗಾಳಿಯೇ ಇಲ್ಲದಿದ್ದರೂ ಅಳಿವೆ ದಾಟಬೇಡಿ.

ಪಿಜೆ_ಬಡಾವಣೆ (ದಾವಣಗೆರೆ):

ಎಲ್ಲ ಬರೆದಿಟ್ಟುಕೊಂಡೆ. ಅಪ್ಪನ ಡಾಕ್ಟರ ಹತ್ತಿರ ಮಾತ್ರೆ ಬಗ್ಗೆ ಈ ವಾರವೇ ಕೇಳ್ತೀನಿ, ಮಕ್ಕಳ ಪಾಸ್‌ಪೋರ್ಟ್ ಅವಧಿಯನ್ನೂ ನೋಡ್ತೀನಿ. ಕಾರವಾರದಲ್ಲಿ ಮಕ್ಕಳ ಅಳತೆಯ ಜಾಕೆಟ್ ಇದೆಯಾ ಅಂತ ಫೋನಿನಲ್ಲೇ ವಿಚಾರಿಸಿ ದೋಣಿ ಹೇಳ್ತೀವಿ.

ಕಾಳಿ_ಅಳಿವೆ (ಕಾರವಾರ):

ಫೋನ್ ಮಾಡುವಾಗ ಮಕ್ಕಳ ತೂಕವನ್ನೂ ಹೇಳಿ, ಬರೀ ವಯಸ್ಸು ಬೇಡ. ಡಿಸೆಂಬರ್ ಕೊನೆಯ ವಾರ ಶಾಲೆಗಳಿಗೆ ರಜೆ, ದೋಣಿ ಕಿಕ್ಕಿರಿದಿರುತ್ತೆ. ಮೊದಲ ಎರಡು ವಾರದಲ್ಲಿ, ಅದೂ ಸೋಮವಾರದಿಂದ ಗುರುವಾರದೊಳಗೆ ಬನ್ನಿ.